ಚಳಿಯ ಮುಂಜಾನೆಯ ಮುಗ್ಗರಿಕೆ

ಜ್ವರವೆಂದು ಹೇಳಿಕೊಂಡು ಬಂದ ರೋಗಿಯನ್ನು ಹಳೆಯ ಕಾಲದ ವೈದ್ಯರು “ಅದು ಯಾವ ಹೊತ್ತಿಗೆ ಬರುತ್ತದೆ?” ಎಂದು ಮೊದಲು ಕೇಳುತ್ತಿದ್ದರು. ದಿನ ಬಿಟ್ಟು ದಿನ ನಡುಕದೊಡನೆ ಏರುವ ಜ್ವರ ಒಂದು ಬಗೆಯದು. ಸಂಜೆಯಾದೊಡನೆ ಸಣ್ಣಗೆ ಕಾಣಿಸಿಕೊಂಡು ಇರುಳಿನಲ್ಲಿ ಬೆವರಿಳಿಸಿ ಹೋಗುವ ಜ್ವರ ಇನ್ನೊಂದು ಬಗೆಯದು. ಬೇನೆಯು ತಾನು ಬರುವ ವೇಳೆಯಿಂದಲೇ ತನ್ನ ಕುಲಗೋತ್ರವನ್ನು ಅರ್ಧಮಟ್ಟಿಗೆ ತಿಳಿಸಿಬಿಡುತ್ತದೆ. ಈ ಮಾತು ಮನುಷ್ಯನ ದೇಹಕ್ಕೆ ಸಲ್ಲುವಂತೆಯೇ ಕಬ್ಬಿಣದ ಯಂತ್ರಕ್ಕೂ ಸಲ್ಲುವುದೆಂಬುದನ್ನು 2024ನೆಯ ಇಸವಿಯ ಜನವರಿಯಲ್ಲಿ, ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿರುವ ನನ್ನ ಮಗಳ ಮನೆಯಲ್ಲಿ, ಐದು ದಿನಗಳ ಕಾಲ ಕಂಡೆನು. ಆ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ. ಮೋಟಾರಿನ ವಿಚಾರವೆಂದು ತಾಯಂದಿರು ಪುಟವನ್ನು ಮಗುಚದಿರಬೇಕಾಗಿ ಪ್ರಾರ್ಥನೆ. ಇದರಲ್ಲಿ ಒಲೆಯ ವಿಚಾರವೂ ಇದೆ, ಸಂಸಾರದ ವಿಚಾರವೂ ಇದೆ.

ನನ್ನ ಅಳಿಯಂದಿರು ಆ ಊರಿನಲ್ಲಿ ನೆಲೆಸಿ ಹದಿನಾರು ವರ್ಷಗಳಾದವು. ದಿನಬಳಕೆಗೆ ಅವರಲ್ಲಿ ಒಂದು ಸಾಧಾರಣವಾದ ಕಾರಿದೆ. ಅದಲ್ಲದೆ ಮನೆಯ ಪಕ್ಕದ ಗ್ಯಾರೇಜಿನಲ್ಲಿ ಕಡು ಹಸುರು ಬಣ್ಣದ ಇನ್ನೊಂದು ಗಾಡಿಯಿದೆ. ಅದು 1972ರಲ್ಲಿ ತಯಾರಾದ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರು. ಕುಳಿತುಕೊಳ್ಳಲು ಎರಡೇ ಆಸನ; ಮೇಲಿನ ಬಟ್ಟೆಯ ಚಾವಣಿಯನ್ನು ಹಿಂದಕ್ಕೆ ಮಡಿಸಿಬಿಟ್ಟರೆ ಆಕಾಶವೇ ಚಾವಣಿ. ಈ ಜಾತಿಯ ಕಾರುಗಳನ್ನು ಆಕ್ಸ್‌ಫರ್ಡಿಗೆ ಸಮೀಪವಾದ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ಕಟ್ಟಿದರು. ಎಲ್ಲ ಬಗೆಗಳೂ ಸೇರಿ 5 ಲಕ್ಷಕ್ಕೆ ಮೀರಿ ತಯಾರಾದವೆಂದರೆ ಅದರ ಜನಪ್ರಿಯತೆಯನ್ನು ಊಹಿಸಬಹುದು. ಅಳಿಯಂದಿರು ತಮ್ಮ ಸಂಬಳದಲ್ಲಿ ಆರು ವರ್ಷ ಉಳಿಸಿದ ಹಣದಿಂದ ಅದನ್ನು ಕೊಂಡವರು. ಮಿತಭಾಷಿಗಳಾದ ಅವರು ಭಾನುವಾರಗಳಲ್ಲಿ ಆ ಕಾರನ್ನು ಒರಸುತ್ತ ಮಗನೊಡನೆ ಆಡುವಷ್ಟು ಮಾತನ್ನು ವಾರದಲ್ಲಿ ಮತ್ತೆಲ್ಲಿಯೂ ಆಡುವುದಿಲ್ಲವೆಂದು ನನ್ನ ಮಗಳೇ ಹೇಳುತ್ತಿದ್ದಳು.

ನನಗೂ ಆ ಕಾರಿನ ಮೇಲೆ ಒಂದು ಬಗೆಯ ನಂಟಿನ ಭಾವನೆ. ಅದರ 1798 ಘನ ಸೆಂಟಿಮೀಟರಿನ ಇಂಜಿನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ “ಬಿ” ಎಂಬ ವಂಶಕ್ಕೆ ಸೇರಿದುದು. ನಮ್ಮ ದೇಶದ ರಸ್ತೆಗಳಲ್ಲಿ ದಶಕಗಟ್ಟಲೆ ಓಡಾಡಿದ ಅಂಬಾಸಡರ್ ಕಾರಿನ 1489 ಘನ ಸೆಂಟಿಮೀಟರಿನ ಪೆಟ್ರೋಲು ಇಂಜಿನೂ ಅದೇ ವಂಶದ್ದು. ಮೈಸೂರಿನಲ್ಲಿ ಅಂತಹ ಒಂದು ಗಾಡಿಯನ್ನು ನಾನು ಇಪ್ಪತ್ತೆರಡು ವರ್ಷ ಇಟ್ಟುಕೊಂಡು, ಅದರ ಸಣ್ಣಪುಟ್ಟ ರಿಪೇರಿಗಳನ್ನು ಸ್ವಹಸ್ತದಿಂದ ಮಾಡಿಕೊಂಡು ಬಂದವನು. ಆದುದರಿಂದ ಕವೆಂಟ್ರಿಯಲ್ಲಿ ಬಾನೆಟ್ಟನ್ನು ಎತ್ತಿ ನೋಡಿದಾಗ, ದೂರದ ಊರಿನಲ್ಲಿ ನಮ್ಮ ಸೋದರತ್ತೆಯ ಮಕ್ಕಳನ್ನು ಕಂಡಂತಾಯಿತು. ಒಂದು ಭೇದ ಮಾತ್ರ ಎದ್ದು ಕಾಣುತ್ತಿದ್ದಿತು: ನನ್ನ ಗಾಡಿಗೆ ಇದ್ದುದು ಒಂದೇ ಕಾರ್ಬುರೇಟರು, ಇದಕ್ಕೆ ಎರಡು.

ಆ ಕಾರಿಗೆ ಚಳಿಗಾಲದಲ್ಲಿ ಒಂದು ವ್ಯಾಧಿ ತಗುಲಿದ್ದಿತು. ಮುಂಜಾನೆ ಇಂಜಿನು ಒಡನೆಯೇ ಹೊತ್ತಿಕೊಳ್ಳುತ್ತಿದ್ದಿತು, ನಿಂತಲ್ಲಿ ಹೇಗೋ ಗುನುಗುತ್ತಲೂ ಇರುತ್ತಿದ್ದಿತು. ಆದರೆ ಗೇರಿಗೆ ಹಾಕಿ ಆಕ್ಸಿಲರೇಟರನ್ನು ಒತ್ತಿದರೆ, ಮುಂದಕ್ಕೆ ನೆಗೆಯಬೇಕಾದ ಗಾಡಿಯು ಎಡವಿದ ಕುದುರೆಯಂತೆ ಒಂದು ಕ್ಷಣ ಮುಗ್ಗರಿಸಿ, ಬಾನೆಟ್ಟಿನ ಕೆಳಗೆ ಒಂದು ಸಲ ಕೆಮ್ಮಿ, ಆಮೇಲೆ ಚೇತರಿಸಿಕೊಂಡು ಓಡುತ್ತಿದ್ದಿತು. ಹತ್ತು ನಿಮಿಷ ಕಳೆದು ಇಂಜಿನು ಬಿಸಿಯಾಯಿತೆಂದರೆ ಈ ದೋಷದ ಸುಳಿವೇ ಇರುತ್ತಿರಲಿಲ್ಲ.

ಒಂದು ಕ್ಷಣದ ಮುಗ್ಗರಿಕೆಯೆಂದರೆ ಅಲ್ಪವೆಂದು ತೋರಬಹುದು. ಮನೆಯಿಂದ ಮೂರು ನಿಮಿಷದ ದೂರದಲ್ಲಿ ಒಂದು ದೊಡ್ಡ ಸರ್ಕಲ್ಲಿದೆ. ಬಲಗಡೆಯಿಂದ ಬರುವ ವಾಹನಗಳಿಗೆ ದಾರಿ ಬಿಟ್ಟು, ನಡುವೆ ತೆರವು ಸಿಕ್ಕಿದೊಡನೆ ಅದರೊಳಗೆ ನುಗ್ಗಬೇಕು. ಒಂದು ಶನಿವಾರ ಬೆಳಿಗ್ಗೆ ಮಗಳು ತನ್ನ ಹತ್ತು ವರ್ಷದ ಮಗನನ್ನು ಕಾಲ್ಚೆಂಡಿನ ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದಾಗ, ಇನ್ನೊಂದು ಕಾರು ಇರಲಿಲ್ಲವಾಗಿ, ಇದನ್ನೇ ತೆಗೆದುಕೊಂಡು ಹೋದಳು. ತೆರವು ಕಂಡು ನುಗ್ಗಿದಳು. ಗಾಡಿಯು ಸರ್ಕಲ್ಲಿನ ಬಾಯಲ್ಲಿಯೇ ಮುಗ್ಗರಿಸಿ ನಿಂತುಬಿಟ್ಟಿತು. ಬಲಗಡೆಯಿಂದ ಬಂದ ಲಾರಿಯ ಚಾಲಕನು ಬ್ರೇಕನ್ನು ಒತ್ತಿದ ಸದ್ದನ್ನು ಅವಳು ಆ ಸಂಜೆ ಎರಡು ಬಾರಿ ನನಗೆ ಹೇಳಿದಳು. “ಅಪ್ಪ, ನಿಲ್ಲಬೇಕಾದ ಕಡೆ ಗಾಡಿ ನಿಲ್ಲದಿದ್ದರೆ ಎಷ್ಟು ಅಪಾಯವೋ, ಹೋಗಬೇಕಾದ ಕಡೆ ಹೋಗದಿದ್ದರೂ ಅಷ್ಟೇ ಅಪಾಯ. ಇದು ಮನೆಯಲ್ಲಿ ಇರಕೂಡದು,” ಎಂದಳು. ಅವಳ ಮಾತಿನಲ್ಲಿ ತೆಗೆದುಹಾಕುವಂತಹುದು ಏನೂ ಇರಲಿಲ್ಲ. ಅಳಿಯಂದಿರು ತಲೆ ತಗ್ಗಿಸಿದರು. ಕಾರನ್ನು ಪರೀಕ್ಷಿಸಿದ್ದ ಒಂದು ಗ್ಯಾರೇಜಿನವರು ಎರಡು ಕಾರ್ಬುರೇಟರುಗಳನ್ನೂ ಬದಲಿಸಬೇಕೆಂದು ಹೇಳಿ, ಕೂಲಿಯೂ ಸೇರಿ ಒಂದು ಸಾವಿರ ಪೌಂಡಿನಷ್ಟು ಲೆಕ್ಕ ಕೊಟ್ಟಿದ್ದರು. ಇತ್ತ ಮುಂದಿನ ಶನಿವಾರ ಕಾರನ್ನು ನೋಡಿಹೋಗಲು ಬರುವೆನೆಂದು ಪರವೂರಿನ ಒಬ್ಬರು ಹೇಳಿಕಳುಹಿದ್ದರು.

ಆ ಒಂದು ವಾರವನ್ನು ನನಗೆ ಬಿಟ್ಟುಕೊಡಬೇಕೆಂದು ಕೇಳಿದೆನು. ವಾರವೆಂದರೆ ಏಳು ದಿನಗಳ ಪರೀಕ್ಷೆಯೆಂದು ತಿಳಿಯಬಾರದು. ತಣ್ಣಗಿರುವ ಇಂಜಿನಿನ ರೋಗವನ್ನು ತಣ್ಣಗಿರುವಾಗಲೇ ನೋಡಬೇಕಷ್ಟೆ. ಒಮ್ಮೆ ನಡೆಸಿ ಬಿಸಿಯಾಯಿತೆಂದರೆ ಅದು ಮತ್ತೆ ಒಳಗಿನವರೆಗೂ ತಣ್ಣಗಾಗಲು ಒಂದು ರಾತ್ರಿ ಬೇಕು. ಆದುದರಿಂದ ದಿನಕ್ಕೆ ಒಂದೇ ಪ್ರಶ್ನೆಯನ್ನು ಕೇಳಲು ಅವಕಾಶ. ಸೋಮವಾರದಿಂದ ಶುಕ್ರವಾರದವರೆಗೆ ನಮಗಿದ್ದುದು ಐದು ಪ್ರಶ್ನೆಗಳು.

ಇಲ್ಲಿ ಇಂಜಿನಿನ ಆಹಾರಕ್ರಮವನ್ನು ಸ್ವಲ್ಪ ವಿವರಿಸಬೇಕು. ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಡನೆ ಬೆರೆತಾಗಲೇ ಉರಿಯುವುದು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಹೆಚ್ಚು ಕಡಿಮೆ 15 ಪಾಲು ಗಾಳಿ ಬೇಕು. ಸೀಮೆಎಣ್ಣೆಯ ಪಂಪಿನ ಸ್ಟೌವನ್ನು ಹೊತ್ತಿಸಿ ಬಲ್ಲ ಹಿರಿಯ ತಾಯಂದಿರಿಗೆ ಇದನ್ನು ಹೇಳಬೇಕಾದುದೇ ಇಲ್ಲ. ಬಟ್ಟಲಿನಲ್ಲಿ ಸ್ಪಿರಿಟ್ಟನ್ನು ಉರಿಸಿ ಬರ್ನರನ್ನು ಮೊದಲು ಕಾಯಿಸಿದರೆ ಸೀಮೆಎಣ್ಣೆಯು ಆವಿಯಾಗಿ ನೀಲಿಯ ಜ್ವಾಲೆ ಬರುತ್ತದೆ. ಕಾಯಿಸದೆ ಪಂಪು ಹೊಡೆದರೆ ಹಳದಿಯ ಉರಿ, ಪಾತ್ರೆಯ ತುಂಬ ಮಸಿ. ಇಂಜಿನಿಗೂ ಹಾಗೆಯೇ. ಚಳಿಯಲ್ಲಿ ಅದರ ಕೊಳವೆಗಳು ತಣ್ಣಗಿರುವುದರಿಂದ, ಒಳಹೋದ ಪೆಟ್ರೋಲಿನಲ್ಲಿ ಬಹುಭಾಗವು ಕೊಳವೆಯ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಆವಿಯಾಗುವ ಪಾಲು ಅಲ್ಪ. ಆ ಅಲ್ಪವೇ ಸಾಲುವಂತಾಗಬೇಕಾದರೆ ಮೊದಲಿನ ಕೆಲವು ನಿಮಿಷ ಹೆಚ್ಚು ಪೆಟ್ರೋಲನ್ನು ಸುರಿಯಬೇಕು. ಹಳೆಯ ಕಾರುಗಳಲ್ಲಿ ಚಾಲಕನ ಮುಂದೆ “ಚೋಕು” ಎಂಬ ಗುಂಡಿಯನ್ನು ಇಟ್ಟಿರುವುದು ಈ ಕೆಲಸಕ್ಕಾಗಿಯೇ. ಅದನ್ನು ಎಳೆದರೆ ಆಹಾರ ಗಟ್ಟಿಯಾಗುತ್ತದೆ. ಇಂಜಿನು ಬಿಸಿಯಾದ ಹಾಗೆಲ್ಲ ಒಳಕ್ಕೆ ತಳ್ಳುತ್ತ ಬರಬೇಕು.

ಎಂ.ಜಿ.ಬಿ.ಗೆ ಇರುವ ಕಾರ್ಬುರೇಟರಿನ ಹೆಸರು ಎಸ್.ಯು. ಸ್ಕಿನ್ನರ್ಸ್ ಯೂನಿಯನ್ ಎಂಬುದರ ಮೊದಲಕ್ಷರಗಳು ಅವು. ಪಾದರಕ್ಷೆಯ ವ್ಯಾಪಾರದ ಮನೆತನಕ್ಕೆ ಸೇರಿದ ಸ್ಕಿನ್ನರ್ ಸಹೋದರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದರು. ಅವರ ಮೊದಲ ಕಾರ್ಬುರೇಟರುಗಳಲ್ಲಿ ನಮ್ಮ ಕಮ್ಮಾರನ ತಿದಿಯನ್ನು ಹೋಲುವ ಸಣ್ಣ ಚರ್ಮದ ತಿದಿ ಇದ್ದಿತಂತೆ. ಅನಂತರ ಅದರ ಸ್ಥಾನಕ್ಕೆ ಲೋಹದ ಪಿಸ್ಟನ್ನು ಬಂದಿತು. ಇಂಜಿನು ಎಷ್ಟು ಗಾಳಿಯನ್ನು ಎಳೆಯುವುದೋ ಅಷ್ಟಕ್ಕೆ ತಕ್ಕಂತೆ ಈ ಪಿಸ್ಟನ್ನು ಏರುತ್ತದೆ. ಅದರ ಅಡಿಯಲ್ಲಿ ತುದಿಯ ಕಡೆಗೆ ಸಣ್ಣಗಾಗುತ್ತ ಹೋಗುವ ಒಂದು ಸೂಜಿಯಿದೆ. ಆ ಸೂಜಿಯು ಜೆಟ್ಟು ಎಂಬ ರಂಧ್ರದೊಳಗೆ ಇಳಿದಿರುತ್ತದೆ. ಸೂಜಿ ಮೇಲೆದ್ದ ಹಾಗೆಲ್ಲ ರಂಧ್ರದ ಸಂದು ದೊಡ್ಡದಾಗಿ ಪೆಟ್ರೋಲು ಹೆಚ್ಚು ಬರುತ್ತದೆ. ಚೋಕನ್ನು ಎಳೆದಾಗ ಆಗುವುದೇನೆಂದರೆ, ಸೂಜಿಯನ್ನು ಇದ್ದಲ್ಲಿಯೇ ಬಿಟ್ಟು ಜೆಟ್ಟನ್ನೇ ಕೆಳಕ್ಕೆ ಇಳಿಸುವುದು. ಫಲ ಎರಡರಲ್ಲಿಯೂ ಒಂದೇ: ಸಂದು ದೊಡ್ಡದಾಗುತ್ತದೆ. ಉಪಾಯವು ಎಷ್ಟು ಸರಳವೋ ಅಷ್ಟು ಸುಂದರವಾದುದು.

ಸೋಮವಾರ ನಾವು ಏನನ್ನೂ ಮುಟ್ಟಲಿಲ್ಲ, ನೋಡಿದೆವು, ಕೇಳಿದೆವು. ಕಾರನ್ನು ಹೊರಕ್ಕೆ ತಳ್ಳಿ, ಬಯಲಿನಲ್ಲಿ ನಿಲ್ಲಿಸಿ ಇಂಜಿನನ್ನು ಹೊತ್ತಿಸಿದೆವು. ಮುಚ್ಚಿದ ಕೊಠಡಿಯಲ್ಲಿ ಇಂಜಿನನ್ನು ನಡೆಸುವುದು ಪ್ರಾಣಾಪಾಯಕರವೆಂಬುದನ್ನು ಪ್ರತಿಯೊಂದು ಮನೆಯಲ್ಲಿಯೂ ತಿಳಿದಿರಬೇಕು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಾನು ಅಳಿಯಂದಿರನ್ನು ಕೇಳಿದೆನು: “ದೂರದ ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಹೋಗುವಾಗ ಇದು ಎಂದಾದರೂ ತಡವರಿಸಿದೆಯೆ?” “ಇಲ್ಲ ಮಾವ, ಒಮ್ಮೆಯೂ ಇಲ್ಲ,” ಎಂದರು. ಈ ಒಂದು ಉತ್ತರದಿಂದ ಎಷ್ಟೋ ಆರೋಪಿಗಳು ಬಿಡುಗಡೆ ಹೊಂದಿದವು. ಪೆಟ್ರೋಲಿನ ಪಂಪು ಸೋತಿದ್ದರೆ, ಸೋಸುವ ಜಾಲರಿ ಕಟ್ಟಿಕೊಂಡಿದ್ದರೆ, ಹೆಚ್ಚು ಪೆಟ್ರೋಲು ಬೇಕಾದ ಹೆದ್ದಾರಿಯಲ್ಲಿಯೇ ಅದು ಮೊದಲು ತೋರಬೇಕು. ಕಾಯಿಲು, ಕಂಡೆನ್ಸರು ಮೊದಲಾದ ಕಿಡಿಯ ಸಾಮಗ್ರಿಗಳು ಸಾಮಾನ್ಯವಾಗಿ ಕಾವೇರಿದಾಗ ಕೈಕೊಡುವಂತಹವು. ಇವು ಸಂಪೂರ್ಣವಾಗಿ ನಿರ್ದೋಷಿಗಳೆಂದು ತೀರ್ಪು ಕೊಡದಿದ್ದರೂ ಅವನ್ನು ಸಾಲಿನ ಹಿಂದಕ್ಕೆ ಕಳುಹಿಸಬಹುದು.

ಮಂಗಳವಾರದ ಪ್ರಶ್ನೆ: ಈ ಮುಗ್ಗರಿಕೆಯು ಹಸಿವಿನಿಂದಲೋ, ಅಜೀರ್ಣದಿಂದಲೋ? ಪೆಟ್ರೋಲು ಸಾಲದಿದ್ದರೂ ಇಂಜಿನು ತಡವರಿಸುತ್ತದೆ, ಅತಿಯಾದರೂ ತಡವರಿಸುತ್ತದೆ. ಸಾಲದಾದಾಗ ಕಾರ್ಬುರೇಟರಿನ ಬಾಯಿಯಿಂದ ಕೆಮ್ಮುತ್ತದೆ. ಅತಿಯಾದಾಗ ಹಿಂದಿನ ಹೊಗೆಕೊಳವೆಯಿಂದ ಕಪ್ಪು ಹೊಗೆಯನ್ನು ಬಿಡುತ್ತದೆ. ಚೋಕನ್ನು ಅರ್ಧಕ್ಕೆ ತಳ್ಳಿ ಆಕ್ಸಿಲರೇಟರನ್ನು ಒತ್ತಿದಾಗ ಕೆಮ್ಮು ಬಲವಾಯಿತು. ಹಸಿವೇ ಸರಿ ಎಂದುಕೊಂಡು ಚೋಕನ್ನು ಪೂರ್ತಿಯಾಗಿ ಎಳೆದರೆ ಕೆಮ್ಮು ತುಸು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಮೇಲಾಗಿ ಹಿಂದುಗಡೆ ಕಪ್ಪು ಹೊಗೆ, ಕಣ್ಣುರಿಯುವಂತಹ ಪೆಟ್ರೋಲಿನ ವಾಸನೆ. ಗ್ಯಾರೇಜಿನವರು ಕಂಡಿದ್ದುದು ಈ ಹೊಗೆಯನ್ನೇ. ಹಾಗಾದರೆ ಇಂಜಿನು ಹಸಿದೂ ಇದೆ, ಅಜೀರ್ಣದಿಂದ ನರಳುತ್ತಲೂ ಇದೆ!

ಅದೇ ಮಧ್ಯಾಹ್ನ, ಇಂಜಿನು ಚೆನ್ನಾಗಿ ಬಿಸಿಯಾಗಿದ್ದಾಗ ಇನ್ನೊಂದು ಪರೀಕ್ಷೆಯನ್ನು ಮಾಡಿದೆವು. ಎಸ್.ಯು. ಕಾರ್ಬುರೇಟರಿನ ಮಗ್ಗುಲಲ್ಲಿ ಒಂದು ಸಣ್ಣ ಕಡ್ಡಿಯಿರುತ್ತದೆ. ಅದನ್ನು ಬೆರಳಿನಿಂದ ಮೇಲಕ್ಕೊತ್ತಿ ಒಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಬೇಕು. ಇಂಜಿನಿನ ವೇಗ ಕ್ಷಣಕಾಲ ತುಸು ಏರಿ ಮೊದಲಿನಂತಾದರೆ ಮಿಶ್ರಣ ಸರಿ, ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು, ಕುಸಿದರೆ ಕಡಿಮೆ. ಎರಡು ಕಾರ್ಬುರೇಟರುಗಳೂ “ನಾವು ಸರಿಯಾಗಿದ್ದೇವೆ” ಎಂದೇ ಉತ್ತರ ಕೊಟ್ಟವು. ಗಾಳಿ ಸೋರುವ ಕೀಲು ಎಲ್ಲಿಯಾದರೂ ಇದ್ದಿದ್ದರೆ ಬಿಸಿಯ ಇಂಜಿನೂ ನಿಂತಲ್ಲಿ ಇಷ್ಟು ಸಮನಾಗಿ ನಡೆಯುತ್ತಿರಲಿಲ್ಲ. ಬದಲಿಸಬೇಕೆಂದು ಹೇಳಲ್ಪಟ್ಟಿದ್ದ ಎರಡು ಕಾರ್ಬುರೇಟರುಗಳೂ ದಿನದ ಇಪ್ಪತ್ತಮೂರು ಗಂಟೆ ಐವತ್ತು ನಿಮಿಷಗಳ ಕಾಲ ಆರೋಗ್ಯವಾಗಿದ್ದವೆಂದಾಯಿತು.

ಬುಧವಾರ ಅಳಿಯಂದಿರು ಪೆಟ್ರೋಲಿನ ಮೇಲೆ ಸಂಶಯಪಟ್ಟರು. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಧಾರಣ ಪೆಟ್ರೋಲಿಗೆ ನೂರಕ್ಕೆ 10ರವರೆಗೆ ಎಥೆನಾಲ್ ಎಂಬ ಮದ್ಯಸಾರವನ್ನು ಬೆರೆಸುವುದಾಗಿದೆ. ಎಥೆನಾಲು ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕು. ಆದುದರಿಂದ ಚಳಿಯಲ್ಲಿ ಹಳೆಯ ಇಂಜಿನಿಗೆ ಅದು ಒಗ್ಗದಿರಬಹುದೆಂಬ ಮಾತಿನಲ್ಲಿ ತಥ್ಯವಿದೆ. ಆದರೆ ಅವರು ಎಥೆನಾಲು ಕಡಿಮೆಯಿರುವ ಬೆಲೆಯುಳ್ಳ ಪೆಟ್ರೋಲನ್ನೇ ಹಾಕಿಸುತ್ತಿದ್ದರು. ನನ್ನ ಸಂಶಯವು ಬೇರೊಂದು ಕಡೆಗಿದ್ದಿತು. ಆಕ್ಸಿಲರೇಟರನ್ನು ಥಟ್ಟನೆ ಒತ್ತಿದಾಗ ಹಗುರವಾದ ಗಾಳಿ ಮುಂದೆ ಓಡುತ್ತದೆ, ಭಾರವಾದ ಪೆಟ್ರೋಲು ಹಿಂದೆ ಬೀಳುತ್ತದೆ. ಆ ಕ್ಷಣವನ್ನು ದಾಟಿಸುವುದಕ್ಕಾಗಿ ಎಸ್.ಯು. ಕಾರ್ಬುರೇಟರಿನ ನೆತ್ತಿಯಲ್ಲಿ ಸ್ವಲ್ಪ ಎಣ್ಣೆಯನ್ನು ಹಾಕಿರುತ್ತಾರೆ. ಪಿಸ್ಟನ್ನು ಒಮ್ಮೆಲೇ ಎಗರದಂತೆ ಆ ಎಣ್ಣೆ ತಡೆಯುತ್ತದೆ. ತಡೆದುದರಿಂದ ಜೆಟ್ಟಿನ ಮೇಲೆ ಗಾಳಿಯ ಸೆಳೆತ ಬಲವಾಗಿ ಪೆಟ್ರೋಲು ಹೆಚ್ಚು ಬರುತ್ತದೆ. ಎಣ್ಣೆ ಇಂಗಿಹೋಗಿದ್ದರೆ ಮುಗ್ಗರಿಕೆ ಖಂಡಿತ. ಎರಡು ಮುಚ್ಚಳಗಳನ್ನೂ ತಿರುಗಿಸಿ ತೆಗೆದು ಮತ್ತೆ ಇಳಿಸಿ ನೋಡಿದೆವು. ಎರಡರಲ್ಲಿಯೂ ತಿರುಪು ಕಚ್ಚುವ ಮೊದಲೇ ಎಣ್ಣೆಯು ಬೆರಳಿಗೆ ಎದುರೊತ್ತಿತು. ಎಣ್ಣೆ ಇದ್ದೇ ಇದ್ದಿತು. ಗಾಡಿಯೂ ಎಂದಿನಂತೆ ಮುಗ್ಗರಿಸಿಯೇ ಮುಗ್ಗರಿಸಿತು.

ಆ ರಾತ್ರಿ ಊಟದ ಹೊತ್ತಿನಲ್ಲಿ ಮಗಳು, “ಮೂರು ದಿನವಾಯಿತು, ಏನು ಗೊತ್ತಾಯಿತು ಅಪ್ಪ?” ಎಂದು ಕೇಳಿದಳು. ಏನು ಅಲ್ಲವೆಂಬುದು ಗೊತ್ತಾಯಿತೆಂದೆನು. ಅವಳು ನಕ್ಕು ಸಾರನ್ನು ಬಡಿಸಿದಳು. ಮೊಮ್ಮಗನು ತನ್ನ ತಟ್ಟೆಯನ್ನು ದೂರ ಸರಿಸಿ, “ಅಮ್ಮ, ಉಪ್ಪು ಜಾಸ್ತಿ,” ಎಂದನು. ನನಗೆ ಬಡಿಸಿದ್ದುದು ಸಪ್ಪೆಯಾಗಿದ್ದಿತು. ನನಗೆ ರಕ್ತದೊತ್ತಡವಿರುವುದರಿಂದ ಅವಳು ನನ್ನ ಸಾರನ್ನು ಬೇರೆ ಪಾತ್ರೆಯಲ್ಲಿ ಕುದಿಸುತ್ತಿದ್ದಳು. ಸಾಕ್ಷಿಗಳಿಬ್ಬರೂ ನಿಜವನ್ನೇ ನುಡಿದಿದ್ದರು, ಪಾತ್ರೆಗಳು ಎರಡು. ಕಾರ್ಬುರೇಟರುಗಳೂ ಎರಡಲ್ಲವೆ? ಒಂದು ಹಸಿದಿದ್ದು ಇನ್ನೊಂದು ಹೊಟ್ಟೆ ಬಿರಿಯ ತಿಂದಿದ್ದರೆ, ಕೆಮ್ಮೂ ನಿಜ, ಕಪ್ಪು ಹೊಗೆಯೂ ನಿಜ. ಒಂದೇ ಕಾರ್ಬುರೇಟರಿನ ಗಾಡಿಯನ್ನು ನಡೆಸಿದ ನನಗೆ ಇಂತಹ ಪ್ರಸಂಗ ಹಿಂದೆ ಎದುರಾಗಿರಲಿಲ್ಲ.

ಗುರುವಾರದ ಪ್ರಶ್ನೆಯನ್ನು ಪ್ಲಗ್ಗುಗಳಿಗೆ ಕೇಳಬೇಕೆಂದು ಗೊತ್ತುಮಾಡಿದೆವು. ಈ ಇಂಜಿನಿನಲ್ಲಿ ನಾಲ್ಕು ಸಿಲಿಂಡರುಗಳು. ಮುಂದಿನ ಕಾರ್ಬುರೇಟರು ಮುಂದಿನ ಎರಡಕ್ಕೂ, ಹಿಂದಿನದು ಹಿಂದಿನ ಎರಡಕ್ಕೂ ಬಡಿಸುತ್ತದೆ. ಇಂಜಿನನ್ನು ಚೋಕಿನ ಮೇಲೆ ಎರಡೇ ನಿಮಿಷ ನಡೆಸಿ, ಬಿಸಿಯಾಗಲು ಬಿಡದೆ ನಿಲ್ಲಿಸಿ, ನಾಲ್ಕು ಪ್ಲಗ್ಗುಗಳನ್ನೂ ಕಳಚಿ ಒಂದು ವೃತ್ತಪತ್ರಿಕೆಯ ಮೇಲೆ ಸಾಲಾಗಿ ಇಟ್ಟೆವು. ಬಿಸಿಯಾಗುವವರೆಗೆ ನಡೆಸಿದ್ದರೆ ಒಳಗಿನ ಉರಿಯು ಈ ಸಾಕ್ಷ್ಯವನ್ನು ಸುಟ್ಟುಬಿಡುತ್ತಿದ್ದಿತು. ಹಿಂದಿನ ಎರಡು ಪ್ಲಗ್ಗುಗಳ ತುದಿ ಕಾಡಿಗೆಯಂತೆ ಕಪ್ಪಾಗಿದ್ದಿತು. ಮುಂದಿನ ಎರಡು ಮಾತ್ರ ಹಿಂದಿನ ದಿನದ ತಿಳಿಗಂದು ಬಣ್ಣದಲ್ಲಿಯೇ ಇದ್ದವು. ಪೆಟ್ರೋಲಿನ ಗುಣ ದೋಷವಾಗಿದ್ದರೆ ನಾಲ್ಕೂ ಒಂದೇ ಬಗೆಯಾಗಿರಬೇಕಾಗಿದ್ದಿತು. ಅಳಿಯಂದಿರು ಆ ಸಾಲನ್ನು ಬಹಳ ಹೊತ್ತು ನೋಡಿ, “ಚೋಕು ಮುಂದಿನದಕ್ಕೆ ತಲುಪುತ್ತಲೇ ಇಲ್ಲ, ಮಾವ,” ಎಂದರು.

ತಲುಪುವುದಿಲ್ಲವೆಂಬುದನ್ನು ಕಣ್ಣಿನಿಂದ ಕಾಣಬೇಕಲ್ಲವೆ? ಜೆಟ್ಟು ಇಳಿಯುವುದು ಕಾರ್ಬುರೇಟರಿನ ತಳದಲ್ಲಿ. ಅಲ್ಲಿಗೆ ನನ್ನ ತಲೆ ಹೋಗುವುದಿಲ್ಲ. ಮೊಮ್ಮಗನು ಸ್ನಾನದ ಮನೆಯಿಂದ ತನ್ನ ತಂದೆಯ ಕ್ಷೌರದ ಕನ್ನಡಿಯನ್ನು ತಂದು, ಬ್ಯಾಟರಿಯ ದೀಪವನ್ನು ಬಿಟ್ಟುಕೊಂಡು ಇಣುಕಿದನು. ಅಳಿಯಂದಿರು ಒಳಗೆ ಕುಳಿತು ಚೋಕಿನ ಗುಂಡಿಯನ್ನು ಎಳೆದರು, ತಳ್ಳಿದರು, ಮತ್ತೆ ಎಳೆದರು. “ತಾತ, ಹಿಂದಿನದು ಇಳೀತಾ ಇದೆ. ಮುಂದಿನದು ಅಲ್ಲಾಡ್ತಾನೇ ಇಲ್ಲ!” ಎಂದು ಹುಡುಗನು ಕೂಗಿದನು.

ಕಾರಣವು ಕೈಗೆ ಸಿಕ್ಕಿತು. ಚೋಕಿನ ತಂತಿ ಒಂದೇ. ಎರಡು ಜೆಟ್ಟುಗಳನ್ನೂ ಒಟ್ಟಿಗೆ ಇಳಿಸುವುದಕ್ಕಾಗಿ ಕಾರ್ಬುರೇಟರುಗಳ ನಡುವೆ ಒಂದು ಸಣ್ಣ ಸರಳು ಇದೆ. ಆ ಸರಳನ್ನು ಬಿಗಿಹಿಡಿಯುವ ಹಿಡಿಕೆಯ ಬೋಲ್ಟು ವರ್ಷಾಂತರಗಳ ಅದುರುವಿಕೆಯಿಂದ ಸಡಿಲವಾಗಿ, ಸರಳು ತಿರುಗಿದರೂ ಮುಂದಿನ ಸನ್ನೆಯು ತಿರುಗದೆ ಜಾರುತ್ತಿದ್ದಿತು. ಹೀಗಾಗಿ ಚೋಕನ್ನು ಎಷ್ಟು ಎಳೆದರೂ ಹಿಂದಿನ ಕಾರ್ಬುರೇಟರಿಗೇ ಎರಡು ಪಾಲು ಊಟ, ಮುಂದಿನದಕ್ಕೆ ಉಪವಾಸ. ಎರಡು ಕಡೆಯ ಕೊಳವೆಗಳನ್ನೂ ಕೂಡಿಸುವ ನಳಿಗೆಯೊಂದು ಇರುವುದರಿಂದ ನಿಂತಲ್ಲಿ ಹೇಗೋ ಹಂಚಿಕೊಂಡು ಬದುಕುತ್ತಿದ್ದವು. ಓಡೆಂದು ಒತ್ತಿದಾಗ ಮಾತ್ರ ಮುಂದಿನ ಎರಡು ಸಿಲಿಂಡರುಗಳು ಬರಿಯ ಗಾಳಿಯನ್ನು ನುಂಗಿ ಕೆಮ್ಮುತ್ತಿದ್ದವು. ಬಿಸಿಯಾದ ಮೇಲೆ ಚೋಕಿನ ಕೆಲಸವೇ ಇಲ್ಲವಷ್ಟೆ. ಆದುದರಿಂದ ರೋಗವೂ ಇಲ್ಲ. ಜೆಟ್ಟುಗಳೆರಡೂ ಪೂರ್ತಿ ಮೇಲಿದ್ದಾಗ ಸನ್ನೆಗಳನ್ನು ಸರಿಯಾಗಿ ಕೂಡಿಸಿ, ಒಂದು ಪುಟ್ಟ ಸ್ಪ್ಯಾನರಿನಿಂದ ಬೋಲ್ಟನ್ನು ಬಿಗಿದೆವು. ಕನ್ನಡಿಯಲ್ಲಿ ಎರಡೂ ಒಟ್ಟಿಗೆ ಇಳಿದು ಒಟ್ಟಿಗೆ ಏರುವುದನ್ನು ಮೂವರೂ ನೋಡಿದೆವು. ಖರ್ಚಾದ ಹಣ ಏನೂ ಇಲ್ಲ.

ಬಿಗಿದ ಮಾತ್ರಕ್ಕೆ ಗುಣವಾಯಿತೆಂದು ಹೇಳುವಂತಿರಲಿಲ್ಲ. ಶುಕ್ರವಾರದ ಮುಂಜಾನೆ ಗಾಜಿನ ಮೇಲೆಲ್ಲ ಹಿಮ ಕಟ್ಟಿದ್ದಿತು. ಅಳಿಯಂದಿರು ಕೀಲಿಕೈಯನ್ನು ತೆಗೆದುಕೊಂಡಾಗ ಮಗಳು ತಾನೇ ಕೈಚಾಚಿ ಅದನ್ನು ಪಡೆದುಕೊಂಡಳು. “ನಿಂತುಹೋಗಿದ್ದು ನನ್ನ ಕೈಯಲ್ಲಿ. ನಾನೇ ನೋಡಬೇಕು,” ಎಂದಳು. ಮಗನನ್ನು ಕರೆದುಕೊಂಡು ಹೋಗಲಿಲ್ಲ. ಪಕ್ಕದಲ್ಲಿ ನಾನು ಕುಳಿತೆನು. ಸರ್ಕಲ್ಲಿನ ಬಾಯಲ್ಲಿ ವಾಹನಗಳ ಸಾಲು ಮುಗಿಯುವವರೆಗೆ ಅವಳು ಕಾದುದನ್ನು ಕಂಡೆನು, ಹಲ್ಲು ಕಚ್ಚಿಕೊಂಡಿದ್ದಳು. ಆಮೇಲೆ ಒತ್ತಿದಳು. ಗಾಡಿಯು ಕೆಮ್ಮಲಿಲ್ಲ, ತಡವರಿಸಲಿಲ್ಲ, ನೇರವಾಗಿ ಸರ್ಕಲ್ಲನ್ನು ಹೊಕ್ಕು ಆಚೆಯ ದಾರಿಯನ್ನು ಹಿಡಿಯಿತು. ಅವಳು ಒಂದು ಮಾತನ್ನೂ ಆಡದೆ ಮುಂದಿನ ತಿರುವಿನಲ್ಲಿ ಹಿಂದಿರುಗಿ, ಅದೇ ಸರ್ಕಲ್ಲನ್ನು ಇನ್ನೊಮ್ಮೆ ದಾಟಿ ನೋಡಿದಳು. ಸಂಜೆ ಕೊಳ್ಳುವವರಿಗೆ ಬರಬೇಡಿರೆಂದು ವಿನಯದಿಂದ ಹೇಳಿಕಳುಹಿದರು. ಮಗಳು ಒಂದು ಕರಾರನ್ನು ಮಾತ್ರ ಹಾಕಿದಳು: ವರ್ಷ ವರ್ಷವೂ ಚಳಿ ಹಿಡಿಯುವ ಮೊದಲು ಕನ್ನಡಿಯನ್ನಿಟ್ಟು ಎರಡು ಜೆಟ್ಟುಗಳನ್ನೂ ನೋಡತಕ್ಕದ್ದು, ನೋಡದ ವರ್ಷ ಆ ಗಾಡಿಯಲ್ಲಿ ಹುಡುಗನು ಕೂರತಕ್ಕದ್ದಲ್ಲ. ಅಳಿಯಂದಿರು ಒಪ್ಪಿದರು.

ಈಗಿನ ಕಾರುಗಳಲ್ಲಿ ಕಾರ್ಬುರೇಟರೂ ಇಲ್ಲ, ಚೋಕಿನ ಗುಂಡಿಯೂ ಇಲ್ಲವಲ್ಲವೆಂದು ವಾಚಕರು ಕೇಳಬಹುದು. ಗುಂಡಿ ಹೋಯಿತು, ಕೆಲಸ ಹೋಗಲಿಲ್ಲ. ಇಂಜಿನನ್ನು ತಂಪುಮಾಡುವ ನೀರಿನಲ್ಲಿ ಉಷ್ಣತೆಯನ್ನು ಅಳೆಯುವ ಒಂದು ಸಣ್ಣ ಸಾಧನವನ್ನು ಇಟ್ಟಿರುತ್ತಾರೆ. “ಈಗ ಚಳಿಯಿದೆ” ಎಂದು ಅದು ಹೇಳಿದರೆ ಗಣಕವು ಪೆಟ್ರೋಲನ್ನು ಹೆಚ್ಚಾಗಿ ಚಿಮುಕಿಸುತ್ತದೆ. ಆ ಸಾಧನವು ಕೆಟ್ಟು, ಚಳಿಯಲ್ಲಿಯೂ “ಬಿಸಿಯಾಗಿದೆ” ಎಂದು ಸುಳ್ಳು ಹೇಳಿದರೆ, ಹೊಚ್ಚಹೊಸ ಕಾರೂ ನಮ್ಮ ಎಂ.ಜಿ.ಬಿ.ಯಂತೆಯೇ ಮುಂಜಾನೆ ಮುಗ್ಗರಿಸುತ್ತದೆ, ಹತ್ತು ನಿಮಿಷದ ಮೇಲೆ ಸರಿಯಾಗುತ್ತದೆ. ಆಗಲೂ ಹುಡುಕುವ ದಾರಿ ಇದೇ: ಚಳಿಯಲ್ಲಿ ಮಾತ್ರ ತೋರುವ ದೋಷವನ್ನು ಚಳಿಯಲ್ಲಿ ಮಾತ್ರ ಕೆಲಸಮಾಡುವ ಅಂಗಗಳಲ್ಲಿ ಮೊದಲು ಹುಡುಕಬೇಕು, ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ, ಗುಣವಾದರೂ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಆ ಗ್ಯಾರೇಜಿನವರ ಮಾತಿನಂತೆ ಕಾರ್ಬುರೇಟರುಗಳನ್ನು ಬದಲಿಸಿದ್ದರೆ, ಜೋಡಿಸುವಾಗ ಆ ಬೋಲ್ಟು ತಾನಾಗಿ ಬಿಗಿಯಾಗಿ ರೋಗವೂ ಹೋಗುತ್ತಿದ್ದಿತು. ಹಳೆಯ ಕಾರ್ಬುರೇಟರುಗಳೇ ಕೆಟ್ಟಿದ್ದವೆಂದು ಎಲ್ಲರೂ ನಂಬುತ್ತಿದ್ದರು.

ಸಂಸಾರದಲ್ಲಿ ಈ ಕ್ರಮಕ್ಕೆ ಎಷ್ಟು ಎಡೆಯಿದೆಯೆಂಬುದನ್ನು ತಾಯಂದಿರಿಗೆ ನಾನು ಹೇಳಬೇಕಾದುದಿಲ್ಲ. ಕೆಲವು ಮಕ್ಕಳಿಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಬರುತ್ತದೆ; ಭಾನುವಾರ ಬರುವುದಿಲ್ಲ. ಸುಳ್ಳೆಂದು ಗದರಿಸುವುದು ಸುಲಭ, ಔಷಧವನ್ನು ಕುಡಿಸುವುದೂ ಸುಲಭ. ಆದರೆ ಆ ಹೊತ್ತಿನಲ್ಲಿ ಇದ್ದು ಭಾನುವಾರ ಇಲ್ಲದುದು ಏನು? ಬಸ್ಸಿನಲ್ಲಿ ಪಕ್ಕಕ್ಕೆ ಕೂರುವ ದೊಡ್ಡ ಹುಡುಗನೆ? ಮೊದಲನೆಯ ಪಿರಿಯಡ್ಡಿನ ಲೆಕ್ಕದ ಪಾಠವೆ? ಬೆಳಗಿನ ಅವಸರದಲ್ಲಿ ಗಂಟಲಿಗೆ ತುರುಕಿದ ತಿಂಡಿಯೆ? ದಿನಕ್ಕೆ ಒಂದೊಂದಾಗಿ ನಾಲ್ಕು ದಿನ ವಿಚಾರಿಸಿದರೆ ಐದನೆಯ ದಿನ ಮಗುವೇ ಬಾಯಿಬಿಟ್ಟು ಹೇಳಬಹುದು. ಗದರಿಸಿದರೆ ಅದು ಇನ್ನು ಮುಂದೆ ಹೊಟ್ಟೆನೋವನ್ನು ಕೂಡ ಹೇಳುವುದಿಲ್ಲ.